ವೀರಗಲ್ಲಿನ ಚಿತ್ರವೂ ಬರಹವೆ?

ದೃಶ್ಯ, ಧ್ವನಿ, ಅಕ್ಷರಗಳು ಬೆರೆತ ಬಹುಮಾಧ್ಯಮ ರಚನೆಗಳನ್ನು ಬರಹವೆನ್ನಬಹುದೆ ಎಂಬ ಚರ್ಚೆ ಗಣಕಯಂತ್ರದೊಡನೆ ಹುಟ್ಟಿದುದೆಂದು ತೋರುವುದುಂಟು. ವೀರಗಲ್ಲುಗಳನ್ನು ಕಂಡ ಶಾಸನಾಭ್ಯಾಸಿಗಳಿಗೆ ಈ ಪ್ರಶ್ನೆ ಹೊಸತಲ್ಲ. ಕನ್ನಡಿಗರು ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಆದರೆ ಪದದ ಸಾಕ್ಷ್ಯವೊಂದರಿಂದಲೇ ತೀರ್ಮಾನಕ್ಕೆ ಬರುವುದು ಸಲ್ಲದು.

ಮೂರು ಪಟ್ಟಿಕೆಗಳ ವೀರಗಲ್ಲನ್ನು ಗಮನಿಸಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಪಟ್ಟಿಕೆಗಳ ನಡುವಣ ಅಕ್ಷರಗಳು ಮೇಲಿನಿಂದ ಕೆಳಗಿಳಿದರೆ ಚಿತ್ರಕಥೆ ಕೆಳಗಿನಿಂದ ಮೇಲೇರುತ್ತದೆ. ಹೀಗೆ ಗೊತ್ತಾದ ಕ್ರಮದಲ್ಲಿ ಓದಿಸಿಕೊಳ್ಳುವ ಚಿತ್ರವನ್ನು ಬರಿಯ ಅಲಂಕಾರವೆನ್ನಲಾಗದು.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು (ಶಕ 872, ಕ್ರಿ.ಶ. 949-50) ಇನ್ನೂ ಸ್ವಾರಸ್ಯಕರವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಇಮ್ಮಡಿ ಬೂತುಗ, ತಕ್ಕೋಲದಲ್ಲಿ ಮಡಿದ ಚೋಳ ರಾಜಾದಿತ್ಯ ಇವರೆಲ್ಲರೂ ಅದರ ಅಕ್ಷರಗಳಲ್ಲಿದ್ದಾರೆ. ಚಿತ್ರದಲ್ಲಿ ಒಬ್ಬ ಅರಸನೂ ಇಲ್ಲ. ಅಲ್ಲಿರುವುದು ನಾಯಿ ಮತ್ತು ಹಂದಿಯ ಹೋರಾಟ. ಮಣಲೆರನು ಬೇಡಿ ಪಡೆದ ಕಾಳಿ ಎಂಬ ಆ ನಾಯಿ ಕಾಡುಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಇತಿಹಾಸಕಾರರು ಈ ಕಲ್ಲಿನಿಂದ ಎತ್ತಿಕೊಂಡುದು ಬಹುಮಟ್ಟಿಗೆ ತಕ್ಕೋಲದ ಯುದ್ಧವನ್ನು. ಕಲ್ಲು ಏಕೆ ನಿಂತಿತೆಂಬುದನ್ನಾದರೋ ಚಿತ್ರವೇ ಮೊದಲು ಹೇಳುತ್ತದೆ. ಓದು ಬಾರದವನಿಗೂ ಅದು ತಿಳಿಯುವಂಥದು.

ಹಾಗೆಂದು ಚಿತ್ರವೂ ಲಿಪಿಯೂ ಒಂದೇ ಎನ್ನಲಾಗದು. ನಾಯಿಯ ಹೆಸರು ಕಾಳಿ ಎಂಬುದನ್ನು ಯಾವ ರೂವಾರಿಯೂ ಉಳಿಯಿಂದ ಚಿತ್ರಿಸಲಾರ. ಹೆಸರು, ವರ್ಷ, ದತ್ತಿಯ ಅಳತೆ ಇವಕ್ಕೆ ಅಕ್ಷರವೇ ಬೇಕು. ಅಕ್ಷರವಿಲ್ಲದ ಕಲ್ಲಿನಲ್ಲಿ ವೀರನೊಬ್ಬ ಮಡಿದುದು ತಿಳಿಯುತ್ತದೆ, ಯಾರೆಂಬುದು ತಿಳಿಯದು. ಆದ್ದರಿಂದ ಚಿತ್ರ ಲಿಪಿಯಲ್ಲ. ಲಿಪಿಯೊಡನೆ ಕೂಡಿ ಒಂದು ಬರಹವಾಗುತ್ತದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಈ ಭೇದ ಕೇವಲ ತಾತ್ವಿಕವಲ್ಲ. ಬಿ.ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಉಪಕಾರ ಅಪಾರವಾದುದು. ಆದರೆ ಅಲ್ಲಿ ಮುಖ್ಯವಾಗಿ ಅಚ್ಚಾದುದು ಪಾಠ. ಆತಕೂರಿನ ಪಾಠವನ್ನು ಮಾತ್ರ ಓದುವವನಿಗೆ ಕಾಳಿಯು ಅರಸರ ಹೆಸರುಗಳ ನಂತರ ಬರುತ್ತದೆ. ಕಲ್ಲನ್ನು ನೋಡುವವನಿಗೆ ಕಾಳಿಯೇ ಮೊದಲು. ಪಾಠದ ಪಕ್ಕದಲ್ಲಿ ಇಡೀ ಕಲ್ಲಿನ ಛಾಯಾಚಿತ್ರವನ್ನೂ, ಯಾವ ಸಾಲು ಯಾವ ಪಟ್ಟಿಕೆಯ ಮೇಲಿದೆಯೆಂಬ ವಿವರವನ್ನೂ ಕೊಡದ ಸಂಪಾದನೆಯನ್ನು ಪೂರ್ಣವೆನ್ನಲು ಸಾಧ್ಯವಿಲ್ಲ.