ಬಾಟಾದ ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ಬ್ರಾಂಪ್ಟನ್ನಿನ ನಮ್ಮ ಆಫೀಸಿನಲ್ಲಿ ಟ್ರಕ್ ಡ್ರೈವರುಗಳದೇ ಜಾತ್ರೆ. ಕೆನಡಾದ ಟೊರೊಂಟೊ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಈ ಊರು ಟ್ರಕ್ಕುಗಳ ಊರು. ನನ್ನ ಬಳಿ ತೆರಿಗೆ ಲೆಕ್ಕಕ್ಕೆ ಬರುವವರಲ್ಲಿ ಹೆಚ್ಚಿನವರು ಪಂಜಾಬಿಗಳು. ದೂರ ಹೋಗುವ ಡ್ರೈವರಿಗೆ ಇಲ್ಲಿ ಊಟದ ಖರ್ಚಿನ ಮೇಲೆ ತೆರಿಗೆ ವಿನಾಯಿತಿ ಇದೆ. ಮನೆ ಬಿಟ್ಟು ಕನಿಷ್ಠ 24 ಗಂಟೆ ಹೊರಗಿರಬೇಕು, 160 ಕಿಲೋಮೀಟರಿಗಿಂತ ಆಚೆ ಸರಕು ಸಾಗಿಸಿರಬೇಕು. ಹಾಗಿದ್ದರೆ ಊಟವೊಂದಕ್ಕೆ 23 ಡಾಲರ್, ದಿನಕ್ಕೆ ಮೂರು ಊಟ. ರಸೀದಿ ಬೇಡ, ಎಲ್ಲೆಲ್ಲಿ ಹೋಗಿದ್ದೆ ಎನ್ನುವ ಪಟ್ಟಿ ಇದ್ದರೆ ಸಾಕು. ಅದರಲ್ಲಿ ನೂರಕ್ಕೆ 80ರಷ್ಟನ್ನು ಆದಾಯದಿಂದ ಕಳೆಯಬಹುದು.

ಈ ಫಾರ್ಮ್ ತುಂಬುವಾಗಲೆಲ್ಲ ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ನಾನು ಬಿ.ಕಾಂ. ಓದಿದ್ದು, ಸಿ.ಎ. ಮಾಡಿದ್ದು ಎರಡೂ ಇಂಥದೇ ಊಟದ ದುಡ್ಡಿನಿಂದ. ನಮ್ಮಪ್ಪ ನಲವತ್ತು ವರ್ಷ ಲಾರಿ ಓಡಿಸಿದ. ಸಾಹುಕಾರ್ರು ದಿನದ ಊಟಕ್ಕೆಂದು ಕೊಡುತ್ತಿದ್ದ ಬಾಟಾದಲ್ಲಿ ಅರ್ಧವನ್ನೂ ಅಪ್ಪ ತಿನ್ನಲಿಲ್ಲ. ಕ್ಯಾಬಿನ್ನಿನಲ್ಲಿ ಒಂದು ಸೀಮೆಎಣ್ಣೆ ಸ್ಟೋವ್, ಒಂದು ಅಲ್ಯೂಮಿನಿಯಂ ಪಾತ್ರೆ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕ್ಲೀನರ್ ಹುಡುಗ ಅನ್ನಕ್ಕಿಡುತ್ತಿದ್ದ. ಉಳಿದ ದುಡ್ಡು ಅಂಡರ್‌ವೇರಿನ ಒಳಜೇಬಿಗೆ.

ನಮ್ಮದು ಹಾವೇರಿ ಜಿಲ್ಲೆ, ಮೋಟೆಬೆನ್ನೂರಿನ ಹತ್ತಿರದ ಒಂದು ಹಳ್ಳಿ. ನಾನು ಹುಟ್ಟಿದಾಗ ಅದು ಇನ್ನೂ ಧಾರವಾಡ ಜಿಲ್ಲೆ; ಹಾವೇರಿ ಬೇರೆಯಾದದ್ದು 1997ರಲ್ಲಿ. ಊರ ಮುಂದೆ ಪುಣೆ-ಬೆಂಗಳೂರು ರಸ್ತೆ, ಬಗಲಲ್ಲೇ ಬ್ಯಾಡಗಿ ಮೆಣಸಿನಕಾಯಿ ಪೇಟೆ. ಬ್ಯಾಡಗಿ ಕಾಯಿಯ ಗುಣ ನಿಮಗೆ ಗೊತ್ತೇ ಇದೆ: ಮೈಯೆಲ್ಲ ಸುಕ್ಕು, ಖಾರ ಕಡಿಮೆ, ಬಣ್ಣ ಮಾತ್ರ ರಕ್ತ. ಆ ಬಣ್ಣಕ್ಕಾಗಿಯೇ ಕೇರಳದ ಕಾರ್ಖಾನೆಗಳು ಅದನ್ನು ಕೊಂಡು, ಸತ್ವ ಹಿಂಡಿ, ಹೊರದೇಶಗಳಿಗೆ ಕಳಿಸುತ್ತವೆ. ಅಪ್ಪನ ಖಾಯಂ ಲೈನ್ ಅದೇ. ಬ್ಯಾಡಗಿಯಲ್ಲಿ ಲೋಡ್, ಕೊಚ್ಚಿ ಕಡೆ ಅನ್‌ಲೋಡ್. ದಾವಣಗೆರೆ, ಚಿತ್ರದುರ್ಗ, ಬೆಂಗಳೂರು, ಕೃಷ್ಣಗಿರಿ, ಸೇಲಂ, ಕೊಯಮತ್ತೂರು, ವಾಳಯಾರ್, ತ್ರಿಶೂರು. ಒಂದು ದಿಕ್ಕಿಗೆ ಹೆಚ್ಚುಕಡಿಮೆ 900 ಕಿಲೋಮೀಟರು.

ಮೆಣಸಿನಕಾಯಿ ತೂಕದ ಮಾಲಲ್ಲ, ಗಾತ್ರದ ಮಾಲು. ಚೀಲ ಎಷ್ಟು ಎತ್ತರಕ್ಕೆ ಒಟ್ಟಿದರೂ ಟನ್ ಆಗುವುದಿಲ್ಲ. ಒಟ್ಟಿದ್ದಷ್ಟೂ ಲಾರಿ ತಿರುವಿನಲ್ಲಿ ವಾಲುತ್ತದೆ. ಹಗ್ಗ ಬಿಗಿಯುವುದನ್ನು ಅಪ್ಪ ಯಾರಿಗೂ ಬಿಡುತ್ತಿರಲಿಲ್ಲ. ತಾಡಪಾಲು ಹೊದಿಸಿ, ಮೇಲೆ ಹತ್ತಿ, ಕಾಲು ಕೊಟ್ಟು ಎಳೆಯುತ್ತಿದ್ದ. ಮನೆಗೆ ಬಂದಾಗ ಅವನ ಅಂಗಿ ಕೊಡವಿದರೆ ನಾವೆಲ್ಲ ಸೀನುತ್ತಿದ್ದೆವು. ಅಪ್ಪನ ವಾಸನೆ ಎಂದರೆ ನನಗೆ ಇಂದಿಗೂ ಡೀಸೆಲ್ಲು ಮತ್ತು ಮೆಣಸಿನಕಾಯಿ ಘಾಟು.

ಲೋಡಾದ ಲಾರಿ ಊರ ಮುಂದೆ ಬರುವಾಗ ಅಪ್ಪ ಮೂರು ಸಲ ಹಾರ್ನ್ ಹೊಡೆಯುತ್ತಿದ್ದ. ಎರಡು ಉದ್ದ, ಒಂದು ಗಿಡ್ಡ. ಅವ್ವ ರೊಟ್ಟಿ ಬುತ್ತಿ ಹಿಡಿದು ಓಡುವಳು, ಹಿಂದೆ ನಾನು, ತಂಗಿ. ಹತ್ತು ನಿಮಿಷ. ಇಂಜಿನ್ ಬಂದ್ ಮಾಡದೆಯೇ ಅಪ್ಪ ತಂಗಿಯನ್ನು ಸ್ಟೇರಿಂಗ್ ಮೇಲೆ ಕೂರಿಸುತ್ತಿದ್ದ. ವಾಪಸ್ಸು ಬರುವಾಗ ಪಾಲಕ್ಕಾಡಿನ ಬಾಳೆಕಾಯಿ ಚಿಪ್ಸು, ಸೇಲಂ ಮಾವು, ಒಮ್ಮೊಮ್ಮೆ ಸ್ಟೀಲಿನ ಡಬ್ಬಿ. ಲಾರಿ ಡ್ರೈವರಿಗೆ ಸಂಸಾರದ ಚಿಂತೆ ಎಲ್ಲಿ ಎನ್ನುವ ಮಾತು ನಮ್ಮ ಕಡೆ ಇದೆ. ಹಾಗೆಂದವರು ನಡುರಾತ್ರಿ ಎರಡು ಗಂಟೆಗೆ ಹಾರ್ನ್ ಕೇಳಿ ಎದ್ದ ನಮ್ಮವ್ವನ ಮುಖ ನೋಡಿಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ನಮ್ಮ ದೇಶದ ಲಾರಿ ಅಷ್ಟೇನೂ ಹಳೆಯದಲ್ಲ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿದ್ದು 1954ರಲ್ಲಿ. ಮದ್ರಾಸಿನ ಅಶೋಕ್ ಮೋಟರ್ಸ್ ಅಶೋಕ್ ಲೇಲ್ಯಾಂಡ್ ಆದದ್ದು 1955ರಲ್ಲಿ. ಅಪ್ಪ 1960ರ ಸುಮಾರಿಗೆ ಕ್ಲೀನರ್ ಆಗಿ ಹತ್ತಿದ್ದು ಮೂತಿ ಉದ್ದದ ಬೆಂಜ್ ಲಾರಿ. ಬಾನೆಟ್ ಮೇಲೆ ಮೂರು ಮೂಲೆಯ ನಕ್ಷತ್ರ. 1969ರಲ್ಲಿ ಆ ಒಪ್ಪಂದ ಮುಗಿದು ನಕ್ಷತ್ರದ ಜಾಗಕ್ಕೆ 'ಟಿ' ಬಂತು. ಆದರೆ ನಮ್ಮ ಕಡೆಯ ಹಳೆಯ ಡ್ರೈವರುಗಳು ಆಮೇಲೂ ಎಷ್ಟೋ ವರ್ಷ ಅದನ್ನು ಬೆಂಜ್ ಎಂದೇ ಕರೆದರು. ಲೈಸೆನ್ಸ್ ಸಿಕ್ಕಿದ್ದು 1966ರಲ್ಲಿ. ಪವರ್ ಸ್ಟೇರಿಂಗ್ ಇಲ್ಲದ ಆ ಗಾಡಿ ತಿರುಗಿಸಿ ತಿರುಗಿಸಿ ಅಪ್ಪನ ಭುಜಗಳು ಪೈಲ್ವಾನನ ಭುಜಗಳಂತಾಗಿದ್ದವು. ಕೊನೆಗೆ ಅದೇ ಭುಜಗಳು ನೋವಿಗೆ ಮೇಲೇಳದಾದವು.

ಆಗ ಲಾರಿಗೆ ರಸ್ತೆಗಿಂತ ಗೇಟೇ ದೊಡ್ಡ ಸಮಸ್ಯೆ. ಊರೂರಿಗೆ ಆಕ್ಟ್ರಾಯ್ ನಾಕಾ, ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ಪರ್ಮಿಟ್ಟು. ನ್ಯಾಷನಲ್ ಪರ್ಮಿಟ್ ಪದ್ಧತಿ 1975ರಲ್ಲಿ ಬಂದ ಮೇಲೆಯೇ ಒಂದೇ ಲಾರಿ ಬ್ಯಾಡಗಿಯಿಂದ ಕೊಚ್ಚಿಯವರೆಗೆ ಹೋಗುವುದು ಸಲೀಸಾಯಿತು. ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ತೆಗೆದಾಗ ಅಪ್ಪ ಮನೆಗೆ ಪೇಢೆ ತಂದಿದ್ದನಂತೆ. ಆದರೂ ಮಾರಾಟ ತೆರಿಗೆಯ ಚೆಕ್‌ಪೋಸ್ಟ್ ಉಳಿಯಿತು. ಕೇರಳದ ಬಾಗಿಲು ವಾಳಯಾರಿನಲ್ಲಿ ಲಾರಿಗಳ ಸಾಲು ಕಿಲೋಮೀಟರುಗಟ್ಟಲೆ. ಒಂದು ಪೂರ್ತಿ ರಾತ್ರಿ, ಕೆಲವೊಮ್ಮೆ ಎರಡು. ಜಿ.ಎಸ್.ಟಿ. ಬಂದು 2017ರ ಜುಲೈನಲ್ಲಿ ಆ ಚೆಕ್‌ಪೋಸ್ಟು ಮುಚ್ಚಿತು. ಸುದ್ದಿಯನ್ನು ನಾನು ಫೋನಿನಲ್ಲಿ ಹೇಳಿದೆ. ಅಪ್ಪ ರಿಟೈರಾಗಿ ಹನ್ನೊಂದು ವರ್ಷವಾಗಿತ್ತು. "ಹಂಗಾದ್ರ ನನ್ನ ಜನ್ಮದಾಗ ಒಂದೆರಡು ವರ್ಷ ಅವರು ವಾಪಸ್ ಕೊಡಬೇಕಲ್ಲೋ" ಅಂದ.

ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಟ್ರಿಪ್ ಮುಗಿದ ಮೇಲೆ ಸಾಹುಕಾರ್ರಿಗೆ ಲೆಕ್ಕ ಒಪ್ಪಿಸಬೇಕು: ಅಡ್ವಾನ್ಸ್ ಎಷ್ಟು, ಡೀಸೆಲ್, ಹಮಾಲಿ, ಪಂಕ್ಚರ್, ಬಾಟಾ. ಡೈರಿಯಲ್ಲಿ ಅವನದೇ ಗೀಟುಗಳು. ನಾನು ಐದನೇ ಇಯತ್ತೆಗೆ ಬಂದಾಗಿನಿಂದ ಆ ಟ್ರಿಪ್ ಶೀಟ್ ಕೂಡಿಸುವ ಕೆಲಸ ನನ್ನದಾಯಿತು. ನನ್ನ ಮೊದಲ ಆಡಿಟ್ ಅದೇ ಎನ್ನಬೇಕು. ಡೀಸೆಲ್ ಸಾಲಿನ ಕೆಳಗೆ "ಮಾ" ಎಂದಷ್ಟೇ ಬರೆದು ಐದು, ಹತ್ತು, ಇಪ್ಪತ್ತು ರೂಪಾಯಿಗಳ ಒಂದು ಸಾಲಿರುತ್ತಿತ್ತು. ಏನಿದು ಎಂದು ಕೇಳಿದೆ. ಮಾಮೂಲು. ಇದನ್ನು ಇತರೆ ಖರ್ಚು ಅಂತ ಬರೀಲಾ ಎಂದೆ. "ಕೊಟ್ಟದ್ದು ಮಾಮೂಲಾದ್ರ ಮಾಮೂಲಂತನ ಬರಿ. ಸುಳ್ಳು ಹೆಸರು ಯಾಕ?" ಮುಂದೆ ಎಷ್ಟೋ ಕಂಪನಿಗಳ ಪುಸ್ತಕದಲ್ಲಿ ಆ ಸುಳ್ಳು ಹೆಸರನ್ನು ನಾನು ಕಂಡಿದ್ದೇನೆ.

ಸಿ.ಎ. ಓದುವಾಗ ಎರಡು ಕಾನೂನುಗಳು ನನ್ನನ್ನು ಕುಟುಕಿದವು. ಮೊದಲನೆಯದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದು ಎನ್ನುತ್ತಿತ್ತು ಅದು. ಆದರೆ ಅದು ತಾನಾಗಿ ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದರೆ. ನಮ್ಮ ಸಾಹುಕಾರ್ರಿಗೆ ಎರಡು ಲಾರಿ. ಡ್ರೈವರ್ ಇಬ್ಬರು, ಕ್ಲೀನರ್ ಇಬ್ಬರು, ಒಟ್ಟು ನಾಲ್ಕು. ಪ್ರಾವಿಡೆಂಟ್ ಫಂಡಿಗಂತೂ 20 ಜನ ಬೇಕು. ಎರಡನೆಯದು ಆದಾಯ ತೆರಿಗೆಯ 44ಎಇ ಕಲಂ, 1994ರಲ್ಲಿ ಬಂದದ್ದು. ಹತ್ತು ಲಾರಿ ಮೀರದ ಮಾಲೀಕ ಪುಸ್ತಕ ಇಡಬೇಕಿಲ್ಲ. ದೊಡ್ಡ ಲಾರಿಯೊಂದಕ್ಕೆ ತಿಂಗಳಿಗೆ 2,000 ರೂಪಾಯಿ ಆದಾಯ ಎಂದು ಸರ್ಕಾರವೇ ಊಹಿಸಿಕೊಳ್ಳುತ್ತಿತ್ತು. ಸಣ್ಣ ಮಾಲೀಕರಿಗೆ ಅದು ಒಳ್ಳೆಯ ಕಾನೂನೇ, ನನ್ನ ತಕರಾರಿಲ್ಲ. ಆದರೆ ಪುಸ್ತಕವೇ ಬೇಡವೆಂದ ಮೇಲೆ ಅಪ್ಪನಂಥವರ ಹೆಸರು ಬರೆದಿಡುವ ಒಂದೇ ಒಂದು ಸಾಲೂ ಎಲ್ಲೂ ಉಳಿಯಲಿಲ್ಲ. ನಲವತ್ತು ವರ್ಷ ಎಂಬುದಕ್ಕೆ ಸಾಕ್ಷಿ ಅವನ ಲೈಸೆನ್ಸ್ ಮತ್ತು ಆ ಡೈರಿಗಳು ಮಾತ್ರ.

ಇನ್ನು ನನ್ನ ವಿಷಯ. 1990ರ ದಶಕದಲ್ಲಿ ಏಡ್ಸ್ ಜಾಗೃತಿಯ ಪೋಸ್ಟರುಗಳು ಹೆದ್ದಾರಿಯ ತುಂಬ ಬಂದವು. ಅವುಗಳಲ್ಲಿ ಹೆಚ್ಚಾಗಿ ಲಾರಿ ಡ್ರೈವರಿನ ಚಿತ್ರ. ಉದ್ದೇಶ ಒಳ್ಳೆಯದು, ಆದರೆ ಕ್ಲಾಸಿನ ಹುಡುಗರು ನನ್ನ ಕಡೆ ನೋಡಿ ಕಿಸಕ್ಕನೆ ನಗುತ್ತಿದ್ದರು. ದಾವಣಗೆರೆಯ ಕಾಲೇಜಿಗೆ ಬಿ.ಕಾಂ. ಸೇರಿದಾಗ ಅರ್ಜಿಯಲ್ಲಿ ತಂದೆಯ ಉದ್ಯೋಗದ ಎದುರು ನಾನು ಬರೆದದ್ದು: ಟ್ರಾನ್ಸ್‌ಪೋರ್ಟ್ ಬಿಸಿನೆಸ್. ಸಹಿ ಹಾಕಬೇಕಾದದ್ದು ಅಪ್ಪ. ಓದಲು ಬಾರದವನಲ್ಲ, ನಿಧಾನಕ್ಕೆ ಅಕ್ಷರ ಕೂಡಿಸಿ ಓದುವವನು. ಬೆರಳಿಟ್ಟು ಆ ಸಾಲು ಓದಿದ. ಏನೂ ಹೇಳದೆ ಸಹಿ ಹಾಕಿ, ಒಳಜೇಬಿನಿಂದ ಫೀಸಿನ ದುಡ್ಡು ಎಣಿಸಿಕೊಟ್ಟ. ಬೆವರಿಗೆ ಮೆತ್ತಗಾದ ನೋಟುಗಳು. ಸುಳ್ಳು ಹೆಸರು ಯಾಕೆ ಎಂದು ಅಂದು ಅವನು ಕೇಳಬಹುದಿತ್ತು. ಕೇಳಲಿಲ್ಲ.

ಸುವರ್ಣ ಚತುಷ್ಪಥ ನಮ್ಮೂರ ಮುಂದೆ ಹಾದದ್ದು ಅಪ್ಪನ ಸರ್ವಿಸಿನ ಕೊನೆಯ ವರ್ಷಗಳಲ್ಲಿ. 1999ರಲ್ಲಿ ಶುರುವಾದ ಆ ಯೋಜನೆಯ ಮುಂಬೈ-ಚೆನ್ನೈ ಬಾಹು ನಮ್ಮ ಹಳೆಯ ಎನ್.ಎಚ್. 4. ನಡುವೆ ಡಿವೈಡರ್ ಬಂತು, ಲಾರಿಗಳು ಊರು ನೋಡದೆ ಓಡತೊಡಗಿದವು. ದಕ್ಷಿಣಕ್ಕೆ ಹೋಗುವ ಲಾರಿಗೆ ಬುತ್ತಿ ಕೊಡಲು ಅವ್ವ ರಸ್ತೆ ದಾಟುವಂತಿರಲಿಲ್ಲ. ಅಪ್ಪ ಹಾರ್ನ್ ಮಾತ್ರ ಹೊಡೆದು ಹೋಗುತ್ತಿದ್ದ. 2006ರಲ್ಲಿ ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗದೆ ಲೈಸೆನ್ಸ್ ರಿನ್ಯೂ ಆಗಲಿಲ್ಲ. ಸಾಹುಕಾರ್ರು ಒಂದು ಶಾಲು, ಐದು ಸಾವಿರ ರೂಪಾಯಿ ಕೊಟ್ಟರು.

ಕೆನಡಾಕ್ಕೆ ಅಪ್ಪ ಬಂದದ್ದು ಒಂದೇ ಸಲ, 2014ರ ಬೇಸಿಗೆಯಲ್ಲಿ. ನಯಾಗರಾ ಅವನಿಗೆ ಜೋಗದಷ್ಟು ಹಿಡಿಸಲಿಲ್ಲ. ಹಿಡಿಸಿದ್ದು ನಮ್ಮ ಆಫೀಸಿಗೆ ಬರುತ್ತಿದ್ದ ಒಬ್ಬ ಸರ್ದಾರ್ಜಿ. ಅಪ್ಪನ ರಸ್ತೆ ಹಿಂದಿಯಲ್ಲಿ ಇಬ್ಬರೂ ಒಂದು ಗಂಟೆ ಟೈರಿನ ಬಗ್ಗೆ ಮಾತಾಡಿದರು. ಆತ ತನ್ನ ಟ್ರಕ್ಕಿನೊಳಗೆ ಹತ್ತಿಸಿದ: ಹಾಸಿಗೆ, ಫ್ರಿಜ್ಜು, ಗೇರ್ ಇಲ್ಲದ ಗಾಡಿ. ಅಪ್ಪ ಎಲ್ಲ ಮುಟ್ಟಿ ನೋಡಿ, "ಕ್ಲೀನರ್ ಎಲ್ಲಿ ಅದಾನ?" ಎಂದು ಕೇಳಿದ. ಇಲ್ಲಿ ಕ್ಲೀನರ್ ಇರುವುದಿಲ್ಲ, ವಾರಗಟ್ಟಲೆ ಒಬ್ಬರೇ ಎಂದು ನಾನು ವಿವರಿಸಿದೆ. "ಹಂಗಾದ್ರ ನಿದ್ದಿ ಬಂದ್ರ ಮಾತಾಡ್ಸಾಕ ಯಾರು? ಪಾಪ." ಅವನಿಗೆ ಆ ಇಡೀ ಟ್ರಕ್ಕಿನಲ್ಲಿ ಕಂಡದ್ದು ಅದೊಂದೇ ಕೊರತೆ. ಸರ್ದಾರ್ಜಿ ನನ್ನ ಕಡೆ ತಿರುಗಿ, ನಿಮ್ಮ ತಂದೆಯೂ ಡ್ರೈವರಾ, ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ: "ಟ್ರಾನ್ಸ್‌ಪೋರ್ಟ್ ಬಿಸಿನೆಸ್." ಹೇಳಿ ನಕ್ಕ. ಹದಿನೆಂಟು ವರ್ಷದ ನಂತರ.

ಅಪ್ಪ ತೀರಿಕೊಂಡದ್ದು 2019ರಲ್ಲಿ. ನಾನು ಊರು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ತಗಡಿನ ಟ್ರಂಕಿನಲ್ಲಿ ಮೂವತ್ತೊಂದು ಡೈರಿ ಇದ್ದವು. ಕೆಲವನ್ನು ಇಲ್ಲಿಗೆ ತಂದಿದ್ದೇನೆ. ತೆರಿಗೆಯ ಗಲಾಟೆ ಮುಗಿದ ರಾತ್ರಿಗಳಲ್ಲಿ ಒಂದೊಂದೇ ಪುಟ ಕೂಡಿಸುತ್ತೇನೆ.

1991ರ ಡೈರಿ ಅವುಗಳಲ್ಲಿ ಒಂದು. ಆ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತ್ತು. ಡಿಸೆಂಬರ್ 11ರಂದು ಕೇಂದ್ರ ಸರ್ಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿದ್ದೇ ತಡ, ಬೆಂಗಳೂರು ಹೊತ್ತಿ ಉರಿಯಿತು. ಕರ್ನಾಟಕದಲ್ಲಿ ತಮಿಳರ ಮೇಲೆ ಹಲ್ಲೆ, ಅದಕ್ಕೆ ಪ್ರತಿಯಾಗಿ ಆಚೆ ಕನ್ನಡಿಗರ ಮೇಲೆ. ಅಪ್ಪ ಕೇರಳದಿಂದ ವಾಪಸ್ಸು ಬರುತ್ತಿದ್ದವನು ಧರ್ಮಪುರಿಯ ಈಚೆ ಸಿಕ್ಕಿಬಿದ್ದ. ಲಾರಿಯ ಮೇಲೆ ಕೆಎ ನಂಬರು. ಮನೆಯಲ್ಲಿ ಫೋನಿಲ್ಲ. ಅವ್ವ ದಿನಾ ಬ್ಯಾಡಗಿಯ ಟ್ರಾನ್ಸ್‌ಪೋರ್ಟ್ ಆಫೀಸಿಗೆ ನಡೆದು ಹೋಗಿ, ಸುದ್ದಿಯಿಲ್ಲದೆ ನಡೆದು ಬರುತ್ತಿದ್ದಳು. ಹತ್ತನೇ ರಾತ್ರಿ ಹಾರ್ನ್ ಕೇಳಿಸಿತು, ಎರಡು ಉದ್ದ, ಒಂದು ಗಿಡ್ಡ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಒಬ್ಬ ತಮಿಳು ಮುದುಕ ಲಾರಿಯನ್ನು ತನ್ನ ಹುಣಸೆ ತೋಪಿನೊಳಗೆ ಹೊಗಿಸಿ, ನಂಬರ್ ಪ್ಲೇಟಿಗೆ ಗೋಣಿಚೀಲ ಕಟ್ಟಿ, ಅಪ್ಪನನ್ನೂ ಕ್ಲೀನರನ್ನೂ ಮನೆಯಲ್ಲಿಟ್ಟುಕೊಂಡಿದ್ದನಂತೆ. ಆಮೇಲೆ ಹದಿನೈದು ವರ್ಷ ಆ ದಾರಿಯಲ್ಲಿ ಹೋದಾಗಲೆಲ್ಲ ಅಪ್ಪ ಒಂದು ಚೀಲ ಬ್ಯಾಡಗಿ ಕಾಯಿ ಅಲ್ಲಿ ಇಳಿಸುತ್ತಿದ್ದ. ಅದರ ದುಡ್ಡು ಅವನ ಬಾಟಾದಿಂದಲೇ ಕಟ್ಟಾಗಿರುವುದು ಡೈರಿಯಲ್ಲಿ ಕಾಣುತ್ತದೆ.

ಆ ಡಿಸೆಂಬರಿನ ಪುಟಗಳಲ್ಲಿ ಒಂಬತ್ತು ದಿನ ಡೀಸೆಲ್ ಇಲ್ಲ, ಹಮಾಲಿ ಇಲ್ಲ, ಮಾಮೂಲೂ ಇಲ್ಲ. ಬಾಟಾದ ಜಾಗದಲ್ಲಿ ಒಂಬತ್ತೂ ದಿನ ಅಪ್ಪ ಸೊನ್ನೆ ಬರೆದಿದ್ದಾನೆ. ಸಾಹುಕಾರ್ರಿಂದ ಆ ದಿನಗಳ ಬಾಟಾ ಕೇಳಿ ಪಡೆಯುವ ಹಕ್ಕು ಅವನಿಗಿತ್ತು, ಲಾರಿ ಅವರದೇ ತಾನೆ. ಪಡೆದಿಲ್ಲ. ಕೊನೆಯ ಸೊನ್ನೆಯ ಪಕ್ಕದಲ್ಲಿ, ಕೂಡಿಸಿ ಓದುವವನ ದಪ್ಪ ಅಕ್ಷರಗಳಲ್ಲಿ, "ಊಟ ಮನ್ಯಾಗ" ಎಂದಿದೆ.