ನಿತ್ಯಾರೋಗ್ಯದಲ್ಲಿ ಯೋಗ ಮತ್ತು ಆಯುರ್ವೇದ: ಕನ್ನಡ ನಾಡಿನ ಚರಿತ್ರೆಯ ಒಂದು ಪರಿಶೀಲನೆ

ಯೋಗವೂ ಆಯುರ್ವೇದವೂ ಒಂದೇ ಗರ್ಭದಲ್ಲಿ ಹುಟ್ಟಿದ ಅವಳಿಗಳೆಂಬ ಮಾತು ಈಚೆಗೆ ಎಲ್ಲೆಡೆಯೂ ಕೇಳಿಬರುತ್ತಿದೆ. ನಮ್ಮ ಹಿಮಾಯತ್‌ನಗರದಂಥ ಬಡಾವಣೆಯಲ್ಲಿ ಒಂದು ಸುತ್ತು ಬಂದರೆ ಯೋಗಶಾಲೆಯ ಫಲಕವೂ ಆಯುರ್ವೇದ ಔಷಧಾಲಯದ ಫಲಕವೂ ಕಣ್ಣಿಗೆ ಬೀಳುತ್ತವೆ. ಎರಡರಲ್ಲಿಯೂ ಕೊಟ್ಟಿರುವ ಆಶ್ವಾಸನೆ ಹೆಚ್ಚುಕಡಮೆ ಒಂದೇ. ಭಾರತೀಯ ವೈದ್ಯಪದ್ಧತಿಗಳಿಗಾಗಿ ೧೯೯೫ರಲ್ಲಿ ಏರ್ಪಟ್ಟ ಕೇಂದ್ರ ಇಲಾಖೆ ೨೦೦೩ರಲ್ಲಿ ‘ಆಯುಷ್’ ಎಂಬ ಹೆಸರನ್ನು ತಳೆದು, ೨೦೧೪ರಲ್ಲಿ ಪ್ರತ್ಯೇಕ ಮಂತ್ರಾಲಯವಾಯಿತು. ಆ ಹೆಸರಿನೊಳಗೆ ಆಯುರ್ವೇದ, ಯೋಗ, ಯುನಾನಿ ಮೊದಲಾದವು ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಒಡಹುಟ್ಟಿದವರೆಂದು ಹೇಳಲಾಗದು. ಈ ಎರಡು ಶಾಸ್ತ್ರಗಳ ಸಂಬಂಧವು ವಸ್ತುತಃ ಎಂಥದು, ಅದು ನಿತ್ಯಜೀವನದಲ್ಲಿ ಎಲ್ಲಿ ಕೂಡುತ್ತದೆ, ಈ ಕೂಟದಲ್ಲಿ ಕನ್ನಡ ನಾಡಿನ ಪಾಲೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ಶಾಸ್ತ್ರಗಳನ್ನೇ ವಿಚಾರಿಸೋಣ. ಆಯುರ್ವೇದದ ಗುರಿ ಆಯುಸ್ಸು. ಸ್ವಸ್ಥನ ಸ್ವಾಸ್ಥ್ಯವನ್ನು ಕಾಯುವುದು, ರೋಗಿಯ ರೋಗವನ್ನು ನೀಗುವುದು. ಪತಂಜಲಿಯ ಯೋಗದ ಗುರಿ ಚಿತ್ತವೃತ್ತಿಗಳ ನಿರೋಧ. ಅಲ್ಲಿ ವ್ಯಾಧಿಯು ಸಾಧನೆಯ ಅಂತರಾಯಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರುತ್ತದೆಯೇ ಹೊರತು ಶಾಸ್ತ್ರದ ವಿಷಯವಾಗಿ ಅಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಯೋಗದ ಪ್ರಸ್ತಾಪವುಂಟು. ಯೋಗದಲ್ಲಿಯೂ ಮೋಕ್ಷದಲ್ಲಿಯೂ ಸಮಸ್ತ ವೇದನೆಗಳು ನಿಲ್ಲುತ್ತವೆಂದು ಚರಕನು ಒಪ್ಪುತ್ತಾನೆ. ಆದರೆ ಜ್ವರಕ್ಕೋ ಅತಿಸಾರಕ್ಕೋ ಇಂಥ ಆಸನವನ್ನು ಹಾಕೆಂದು ಅವನು ವಿಧಿಸುವುದಿಲ್ಲ.

ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ದಂತಧಾವನ, ಅಭ್ಯಂಗ, ವ್ಯಾಯಾಮ, ಮರ್ದನ, ಸ್ನಾನ ಇವೆಲ್ಲ ಅಲ್ಲಿವೆ, ಆಸನ ಪ್ರಾಣಾಯಾಮಗಳಿಲ್ಲ. ವ್ಯಾಯಾಮಕ್ಕೂ ಕಟ್ಟುನಿಟ್ಟಾದ ಅಳತೆಯುಂಟು. ಬಲಶಾಲಿಯಾಗಿ ಸ್ನಿಗ್ಧಾಹಾರ ಉಣ್ಣುವವನು ಕೂಡ ತನ್ನ ಶಕ್ತಿಯ ಅರ್ಧದಷ್ಟನ್ನೇ ಬಳಸಬೇಕು. ಅದೂ ಚಳಿಗಾಲ ವಸಂತಗಳಲ್ಲಿ. ಉಳಿದ ಋತುಗಳಲ್ಲಿ ಇನ್ನೂ ಕಡಮೆ. ವಾತಪಿತ್ತರೋಗಿ, ಬಾಲಕ, ವೃದ್ಧ, ಅಜೀರ್ಣವುಳ್ಳವನು ಇವರಿಗೆ ಅದು ಸಲ್ಲದು.

ಎರಡು ಶಾಸ್ತ್ರಗಳು ಪರಸ್ಪರ ಎದುರಾಗುವ ಸ್ಥಳಗಳೂ ಇಲ್ಲದಿಲ್ಲ. ಸಹಜ ವೇಗಗಳನ್ನು ತಡೆಯಬಾರದೆಂಬುದು ವೈದ್ಯನ ಮೂಲಸೂತ್ರ. ವಾಗ್ಭಟನು ಎಣಿಸಿದ ವೇಗಗಳಲ್ಲಿ ಶ್ರಮದಿಂದ ಉಂಟಾದ ಉಸಿರೂ ಒಂದು. ಹಠಯೋಗಿಯ ಕುಂಭಕವಾದರೋ ಉಸಿರನ್ನು ತಡೆದು ನಿಲ್ಲಿಸುವ ಸಾಧನೆ. ವೈದ್ಯನ ದಿನಚರ್ಯೆಯಲ್ಲಿ ಸ್ನಾನಕ್ಕೆ ಗೌರವದ ಸ್ಥಾನ. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ ಹಠಪ್ರದೀಪಿಕೆಯಲ್ಲಿ ಪ್ರಾತಃಸ್ನಾನವೂ ಉಪವಾಸವೂ ಸಾಧಕನು ವರ್ಜಿಸತಕ್ಕವು. ಈ ವ್ಯತ್ಯಾಸಗಳನ್ನು ಮುಚ್ಚಿಟ್ಟು ಎರಡೂ ಒಂದೇ ಎನ್ನುವುದು ಭಕ್ತಿಯಾದೀತು, ಇತಿಹಾಸವಾಗದು.

೨

ಹಾಗಾದರೆ ಅವು ಕೂಡುವುದೆಲ್ಲಿ? ಹಠಪ್ರದೀಪಿಕೆಯೇ ಅದಕ್ಕೆ ಉತ್ತರವನ್ನು ಒದಗಿಸುತ್ತದೆ. ಧೌತಿ, ಬಸ್ತಿ, ನೇತಿ ಮೊದಲಾದ ಷಟ್ಕರ್ಮಗಳು ಎಲ್ಲರಿಗೂ ವಿಹಿತವಲ್ಲ. ಮೇದಸ್ಸು ಶ್ಲೇಷ್ಮಗಳು ಅಧಿಕವಾಗಿರುವವನು ಮೊದಲು ಅವನ್ನು ಮಾಡಬೇಕು, ಇತರರಿಗೆ ಅವುಗಳ ಅಗತ್ಯವಿಲ್ಲ. ಇಲ್ಲಿ ಯೋಗಿಯು ಮಾತನಾಡುತ್ತಿರುವುದು ವೈದ್ಯನ ಭಾಷೆಯನ್ನು. ಅಕ್ರಮವಾದ ಪ್ರಾಣಾಯಾಮದಿಂದ ಬಿಕ್ಕಳಿಕೆ, ಶ್ವಾಸ, ಕಾಸ, ಶಿರೋವೇದನೆಗಳು ಹುಟ್ಟುತ್ತವೆಂದು ಎಚ್ಚರಿಸುವವನೂ ಅವನೇ.

ಆಹಾರದ ವಿಷಯದಲ್ಲಿ ಸಾಮ್ಯವು ಇನ್ನೂ ಹತ್ತಿರದ್ದು. ಜಠರದ ಎರಡು ಭಾಗವನ್ನು ಅನ್ನಕ್ಕೆ, ಒಂದನ್ನು ನೀರಿಗೆ ಕೊಟ್ಟು ನಾಲ್ಕನೆಯದನ್ನು ವಾಯುವಿಗಾಗಿ ಬರಿದಾಗಿ ಬಿಡಬೇಕೆಂದು ವಾಗ್ಭಟನ ವಿಧಿ. ನಾಲ್ಕನೆಯ ಒಂದಂಶವನ್ನು ಬಿಟ್ಟು ಸ್ನಿಗ್ಧವೂ ಮಧುರವೂ ಆದ ಆಹಾರವನ್ನು ಉಣ್ಣುವುದೇ ಮಿತಾಹಾರವೆಂದು ಸ್ವಾತ್ಮಾರಾಮನ ಲಕ್ಷಣ. ವ್ಯಾಯಾಮದ ಬಳಿಕ ಮೈಯನ್ನು ಸುಖವಾಗುವಂತೆ ತಿಕ್ಕಬೇಕೆಂದು ವೈದ್ಯನು ಹೇಳಿದರೆ, ಪ್ರಾಣಾಯಾಮದ ಶ್ರಮದಿಂದ ಬಂದ ಬೆವರಿನಿಂದಲೇ ಮೈಯನ್ನು ತಿಕ್ಕಿಕೊಳ್ಳಬೇಕೆಂದು ಯೋಗಿಯು ಹೇಳುತ್ತಾನೆ. ತತ್ತ್ವದಲ್ಲಿ ದೂರವಾಗಿರುವ ಈ ಇಬ್ಬರೂ ಊಟದ ಎಲೆಯ ಮುಂದೆ, ಎಣ್ಣೆಯ ಬಟ್ಟಲಿನ ಬಳಿ, ನಿದ್ರೆ ಎಚ್ಚರಗಳ ಹೊತ್ತಿನಲ್ಲಿ ಹತ್ತಿರವಾಗುತ್ತಾರೆ. ಇವರ ಸಂಗಮಸ್ಥಾನ ದಿನಚರ್ಯೆ. ಇವರಿಬ್ಬರ ಸಮಾನ ಧರ್ಮ ಮಿತಿ.

ಹೈದರಾಬಾದಿನಲ್ಲಿರುವ ನಮಗೆ ಇಲ್ಲಿ ಮೂರನೆಯ ಸಾಕ್ಷಿಯೊಂದು ದೊರೆಯುತ್ತದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಎಚ್ಚರ, ವಿಸರ್ಜನ ಧಾರಣ ಎಂಬ ಆರು ಅವಶ್ಯಕಗಳ ಮೇಲೆ ಯುನಾನಿ ಹಕೀಮರು ಆರೋಗ್ಯವನ್ನು ನಿಲ್ಲಿಸಿದ್ದಾರೆ. ಮೂಲ ಬೇರೆಯಾದರೂ ನಿತ್ಯದ ನಡೆಯಲ್ಲಿ ಶಾಸ್ತ್ರಗಳು ಸಮೀಪಿಸುತ್ತವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

೩

ಕನ್ನಡ ನಾಡಿನಲ್ಲಿ ಈ ದಿನಚರ್ಯೆಯ ಚಿಂತನೆಗೆ ದೀರ್ಘ ಪರಂಪರೆಯಿದೆ. ವಾಡಿ ಮಾರ್ಗವಾಗಿ ಊರಿಗೆ ಹೋಗುವ ನಮ್ಮವರು ರೈಲಿನಲ್ಲಿ ದಾಟುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥದ ಕರ್ತೃವಾದ ಜೈನಮುನಿ ಉಗ್ರಾದಿತ್ಯನು, ಮಾಂಸಾಹಾರದ ನಿರರ್ಥಕತೆಯನ್ನು ಕುರಿತು ನೃಪತುಂಗ ಅಮೋಘವರ್ಷನ ಸಭೆಯಲ್ಲಿ ಉಪನ್ಯಾಸ ಮಾಡಿದನೆಂದು ಆ ಗ್ರಂಥದ ಹಿತಾಹಿತಾಧ್ಯಾಯದಿಂದ ತಿಳಿದುಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಕನ್ನಡಕ್ಕೆ ತಂದು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಮದ್ಯಮಾಂಸಗಳಿಲ್ಲದ ಚಿಕಿತ್ಸೆಯೇ ಅದರ ವೈಶಿಷ್ಟ್ಯ. ಸುಮಾರು ೧೦೨೫ರಲ್ಲಿ ಚಾವುಂಡರಾಯನು ಬರೆದ ‘ಲೋಕೋಪಕಾರ’ವು ವೈದ್ಯವನ್ನು ವಾಸ್ತು, ಉದಕ, ಪಾಕ, ವೃಕ್ಷಾಯುರ್ವೇದಗಳ ನಡುವೆ, ಗೃಹಸ್ಥನ ಬದುಕಿನ ಅಂಗವಾಗಿ ಇರಿಸಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (೧೧೨೯) ಸ್ನಾನ, ಪಾದಾಭ್ಯಂಗ, ಅನ್ನ, ಪಾನೀಯಗಳು ಉಪಭೋಗಗಳ ಸಾಲಿನಲ್ಲಿಯೂ ಮಲ್ಲಯುದ್ಧವು ವಿನೋದಗಳ ಸಾಲಿನಲ್ಲಿಯೂ ಬರುತ್ತವೆ. ಈ ಗ್ರಂಥಗಳಲ್ಲಿ ಆರೋಗ್ಯವೆಂದರೆ ಔಷಧದ ಪೆಟ್ಟಿಗೆಯಲ್ಲ, ಬಾಳುವ ಕ್ರಮ.

ಅದೇ ಕಲ್ಯಾಣದಲ್ಲಿ ಅದೇ ಶತಮಾನದಲ್ಲಿ ಇನ್ನೊಂದು ಧ್ವನಿ ಎದ್ದಿತು. ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೃತ್ತಿವೈದ್ಯನಿದ್ದನು. ಅವನ ವಚನಗಳು ವಾತಪಿತ್ತಶ್ಲೇಷ್ಮಗಳ ಪರಿಭಾಷೆಯನ್ನು ಭವರೋಗದ ಕಡೆಗೆ ತಿರುಗಿಸುತ್ತವೆ. ಅಲ್ಲಮಪ್ರಭುವನ್ನಂತೂ ಹಠಪ್ರದೀಪಿಕೆಯೇ ಮಹಾಸಿದ್ಧರ ಪರಂಪರೆಯಲ್ಲಿ ಪ್ರಭುದೇವನೆಂದು ಹೆಸರಿಸಿ ಎಣಿಸಿದೆ. ಆದರೆ ಚಾಮರಸನ ‘ಪ್ರಭುಲಿಂಗಲೀಲೆ’ಯು ಹೇಳುವ ಗೋರಕ್ಷನ ಪ್ರಸಂಗ ಗಮನಾರ್ಹ. ಗೋರಕ್ಷನದು ಸಾಧನೆಯಿಂದ ವಜ್ರವಾದ ದೇಹ. ಕತ್ತಿಯಿಂದ ಹೊಡೆದರೆ ಖಣಿಲೆನ್ನುತ್ತದೆ. ಪ್ರಭುವಿನ ಶರೀರದಲ್ಲಿ ಕತ್ತಿಯು ಬಯಲಿನಲ್ಲಿ ಆಡಿದಂತೆ ಆಡುತ್ತದೆ. ಕಾಯವನ್ನು ಗಟ್ಟಿಮಾಡಿಕೊಳ್ಳುವುದೇ ಸಿದ್ಧಿಯಲ್ಲವೆಂಬ ತೀರ್ಪನ್ನು ಕನ್ನಡ ಕಾವ್ಯವು ಹದಿನೈದನೆಯ ಶತಮಾನದಲ್ಲಿಯೇ ಕೊಟ್ಟಿತು. ಕಾಯವು ಬೇಡವೆಂದಲ್ಲ, ಕಾಯಕ ನಡೆಯಬೇಕಾದರೆ ಕಾಯ ಬೇಕು. ಆದರೆ ಅದು ಸಾಧನ, ಸಾಧ್ಯವಲ್ಲ.

೪

ಆಸನಗಳು ನಿತ್ಯದ ವ್ಯಾಯಾಮದ ಸ್ಥಾನವನ್ನು ಪಡೆದುದು ಬಹಳ ಈಚಿನ ಘಟನೆ. ಅದರ ಮುಖ್ಯ ರಂಗಸ್ಥಳ ಮೈಸೂರು. ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ೧೨೨ ಆಸನಗಳ ಚಿತ್ರಗಳಿವೆ, ಅವುಗಳಲ್ಲಿ ಕೆಲವು ಹಗ್ಗವನ್ನು ಹಿಡಿದು ಮಾಡತಕ್ಕವು. ಗರಡಿಯ ಸಾಧನೆಯೂ ಯೋಗಿಯ ಆಸನವೂ ಅಲ್ಲಿ ಬೆರೆತಿರುವಂತೆ ತೋರುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೦೮ರಲ್ಲಿ ಮೈಸೂರಿನಲ್ಲಿ ಆಯುರ್ವೇದದ ಶಿಕ್ಷಣ ಸಂಸ್ಥೆ ಪ್ರಾರಂಭವಾಯಿತು; ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಯಿತು. ಶಾಲೆಯ ಆಚಾರ್ಯರಾದ ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ೧೮೮೮ರಲ್ಲಿ ಜನಿಸಿದವರು. ಅವರ ‘ಯೋಗ ಮಕರಂದ’ (೧೯೩೪), ‘ಯೋಗಾಸನಗಳು’ (೧೯೪೧) ಎರಡೂ ಕನ್ನಡದಲ್ಲಿ ರಚಿತವಾದವು. ಇಂದು ಜಗತ್ತಿನಾದ್ಯಂತ ಹರಡಿರುವ ಆಸನಾಭ್ಯಾಸದ ಆಧುನಿಕ ಮೂಲಗ್ರಂಥಗಳಲ್ಲಿ ಒಂದು ಕನ್ನಡದ ಪುಸ್ತಕವೆಂಬುದು ನಮ್ಮಲ್ಲಿಯೇ ಅನೇಕರಿಗೆ ತಿಳಿಯದು. ‘ಮಕರಂದ’ದಲ್ಲಿ ಆಸನಗಳ ವಿಧಾನದೊಡನೆ ಅವುಗಳ ದೇಹಫಲವೂ ನಿರೂಪಿತವಾಗಿದೆ. ಹೀಗೆ ಯೋಗಗ್ರಂಥವು ವೈದ್ಯನ ಕೆಲಸದಲ್ಲಿ ಸ್ವಲ್ಪ ಭಾಗವನ್ನು ವಹಿಸಿಕೊಂಡಿತು. ಆಚಾರ್ಯರ ಶಿಷ್ಯರೂ ಭಾವಮೈದುನರೂ ಆದ ಬಿ. ಕೆ. ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಕಾಯಿಲೆಗಳಿಂದ ಬಳಲಿದವರು. ೧೯೩೪ರಲ್ಲಿ ಮೈಸೂರಿಗೆ ಬಂದು, ೧೯೩೭ರಲ್ಲಿ ಪುಣೆಗೆ ತೆರಳಿದರು. ೧೯೬೬ರಲ್ಲಿ ಹೊರಬಂದ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥದ ಕೊನೆಯಲ್ಲಿ ಯಾವ ರೋಗಕ್ಕೆ ಯಾವ ಆಸನವೆಂಬ ಪಟ್ಟಿಯೇ ಇದೆ. ಬೆಂಗಳೂರಿನಲ್ಲಿ ‘ಶಾಂತಲಾ’ ಕಾದಂಬರಿಯ ಕರ್ತೃ ಕೆ. ವಿ. ಅಯ್ಯರ್ ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರವನ್ನು ಅಂಗಸಾಧನೆಯ ಭಾಗವಾಗಿ ಬೋಧಿಸುತ್ತಿದ್ದುದೂ ಇದೇ ಕಾಲದಲ್ಲಿ. ಜಗನ್ಮೋಹನ ಅರಮನೆಯ ಶಾಲೆ ೧೯೫೦ರಲ್ಲಿ ಮುಚ್ಚಿತು. ಅದರ ಶಿಷ್ಯಸಂತತಿ ಮಾತ್ರ ಲೋಕವ್ಯಾಪಿಯಾಯಿತು.

೫

ಅರಮನೆಯ ಹೊರಗೆ, ಜನಸಾಮಾನ್ಯರ ನಡುವೆ ಎರಡೂ ವಿದ್ಯೆಗಳನ್ನು ಒಬ್ಬರೇ ಕೈಯಲ್ಲಿ ಹಿಡಿದ ಇಬ್ಬರನ್ನು ಇಲ್ಲಿ ಸ್ಮರಿಸಬೇಕು. ಮೊದಲನೆಯವರು ಪಂಡಿತ ತಾರಾನಾಥರು (೧೮೯೧–೧೯೪೨). ಮಂಗಳೂರಿನ ಕಡೆಯವರಾದ ಅವರು ನಿಜಾಮರ ರಾಜ್ಯದ ರಾಯಚೂರಿನಲ್ಲಿ ೧೯೨೦ರಲ್ಲಿ ಹಮ್‌ದರ್ದ್ ಶಾಲೆಯನ್ನು ಸ್ಥಾಪಿಸಿದರು. ಬಳಿಕ ಹೊಳೆಯಾಚೆ, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನವನ್ನು ಕಟ್ಟಿದರು. ವೈದ್ಯರು, ಯೋಗಸಾಧಕರು, ಸಂಗೀತಜ್ಞರು, ‘ದೀನಬಂಧು ಕಬೀರ’ ನಾಟಕದ ಕರ್ತೃಗಳು. ಸರೋದ್ ವಿದ್ವಾಂಸ ರಾಜೀವ ತಾರಾನಾಥರ ತಂದೆ. ಹಿಂದೂ ಮುಸ್ಲಿಮರ ಸೌಹಾರ್ದವು ಅವರ ದೃಷ್ಟಿಯಲ್ಲಿ ಸಮಾಜದ ಆರೋಗ್ಯವೇ ಆಗಿತ್ತು. ಹೈದರಾಬಾದ್ ಕರ್ನಾಟಕದ ಚರಿತ್ರೆಯಲ್ಲಿ ಈ ಹೆಸರಿಗೆ ದೊರೆಯಬೇಕಾದ ಸ್ಥಾನ ಇನ್ನೂ ದೊರೆತಿಲ್ಲ.

ಎರಡನೆಯವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು. ಚಿತ್ರದುರ್ಗ ಜಿಲ್ಲೆಯ ಆ ಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿ, ಊರೂರು ತಿರುಗಿ ಯೋಗಶಿಬಿರಗಳನ್ನು ನಡೆಸಿ, ಆಶ್ರಮದಲ್ಲಿ ಆಯುರ್ವೇದ ಚಿಕಿತ್ಸೆ ಕೊಟ್ಟು, ‘ತಿರುಕ’ನೆಂಬ ಹೆಸರಿನಲ್ಲಿ ಸಾಹಿತ್ಯವನ್ನೂ ರಚಿಸಿದ ಅವರು ೧೯೯೬ರವರೆಗೆ ಬಾಳಿದರು. ಅವರಲ್ಲಿ ಯೋಗಶಿಕ್ಷಕನೂ ವೈದ್ಯನೂ ಒಬ್ಬನೇ; ಆದರೆ ಬೆಳಗಿನ ಆಸನದ ಸಾಲು ಬೇರೆ, ಔಷಧದ ಸಾಲು ಬೇರೆ.

೬

ಈ ವಿವೇಚನೆಯಿಂದ ಹೊರಡುವ ನಿರ್ಣಯ ಇಷ್ಟು. ಯೋಗ ಆಯುರ್ವೇದಗಳು ಅವಳಿಗಳಲ್ಲ. ಬೇರೆ ಬೇರೆ ಮನೆಗಳಲ್ಲಿ ಬೆಳೆದು ದಿನಚರ್ಯೆಯ ಅಂಗಳದಲ್ಲಿ ಭೇಟಿಯಾದ ನೆರೆಯವರು. ಅವರ ಈಗಿನ ನಂಟು ಬಹುಮಟ್ಟಿಗೆ ಕಳೆದ ನೂರು ವರ್ಷಗಳಲ್ಲಿ ಕುದುರಿದ್ದು, ಅದನ್ನು ಕುದುರಿಸಿದವರಲ್ಲಿ ಕನ್ನಡಿಗರು ಅಗ್ರಗಣ್ಯರು. ಅತಿಪ್ರಾಚೀನತೆಯ ಹೆಗ್ಗಳಿಕೆಗಿಂತ ಈ ನಿಜವಾದ ಸಾಧನೆಯೇ ನಮಗೆ ಹೆಚ್ಚಿನ ಗೌರವವನ್ನು ತರತಕ್ಕದ್ದು.

ಈ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಎರಡೂ ಒಂದೇ ಎಂದು ನಂಬಿದವನು ಮಧುಮೇಹಕ್ಕೋ ರಕ್ತದೊತ್ತಡಕ್ಕೋ ತೆಗೆದುಕೊಳ್ಳುತ್ತಿದ್ದ ಔಷಧವನ್ನು ಬಿಟ್ಟು ಆಸನವೊಂದನ್ನೇ ಹಿಡಿಯುವುದುಂಟು. ಅರ್ಧಶಕ್ತಿಯ ಅಳತೆಯನ್ನು ಮರೆತು ನಡುವಯಸ್ಸಿನಲ್ಲಿ ಸೊಂಟವನ್ನು ನೋಯಿಸಿಕೊಳ್ಳುವುದೂ ಉಂಟು. ಕಚೇರಿಯ ಮೇಜಿನ ಮುಂದೆ ಹಗಲೆಲ್ಲ ಕುಳಿತು, ಹೊತ್ತು ತಪ್ಪಿ ಉಂಡು, ತಡವಾಗಿ ಮಲಗುವ ನಮ್ಮಂಥ ನಗರವಾಸಿಗಳಿಗೆ ಆ ಎರಡು ಶಾಸ್ತ್ರಗಳು ಒಮ್ಮತದಿಂದ ಹೇಳುವುದು ಸ್ವಲ್ಪವೇ: ಹೊಟ್ಟೆಯಲ್ಲಿ ಕಾಲುಭಾಗವನ್ನು ಬಿಡು, ಮೈಯನ್ನು ಮಿತವಾಗಿ ದುಡಿಸು, ನಿದ್ರೆಯನ್ನು ಕೆಡಿಸಬೇಡ. ರೋಗ ಬಂದಾಗ ವೈದ್ಯನ ಬಳಿ ಹೋಗುವುದರಲ್ಲಿ ಯೋಗಿಗೆ ಅವಮಾನವಿಲ್ಲ. ರೋಗವು ಬಾರದಂತೆ ಬಾಳುವುದರಲ್ಲಿ ವೈದ್ಯನಿಗೆ ನಷ್ಟವಿಲ್ಲ. ಮಾನ್ಯಖೇಟ ಕಲ್ಯಾಣಗಳ ಗ್ರಂಥಕಾರರು ನಮಗೆ ಬಿಟ್ಟುಹೋದ ಆಸ್ತಿ ಈ ಮಿತಿಯ ವಿವೇಕ. ೧೯೫೬ರವರೆಗೆ ಆ ನೆಲವೂ ಈ ನಗರವೂ ಒಂದೇ ರಾಜ್ಯದಲ್ಲಿದ್ದವು. ಗಡಿಗಳು ಬದಲಾದರೂ ಆ ಆಸ್ತಿಯ ಹಕ್ಕು ಇಲ್ಲಿಯ ಕನ್ನಡಿಗರಿಗೆ ತಪ್ಪಿಹೋಗಿಲ್ಲ.