ಪ್ಯಾಟ್ರಿಷೊ ಇಗರ್ಜಿಯ ಕಲ್ಲುತೊಟ್ಟಿ

ಇತಿಹಾಸವೆಂದರೆ ಅರಸರ ಚರಿತ್ರೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅರಸನು ಗೆದ್ದನು, ಅರಸನು ಕಟ್ಟಿಸಿದನು, ಅರಸನು ದತ್ತಿಬಿಟ್ಟನು ಎಂದು ಓದಿ ಓದಿ, ಕಲ್ಲನ್ನು ಕಡೆದ ಕೈ ಯಾರದೆಂದು ಕೇಳುವುದನ್ನೇ ಮರೆತಿರುತ್ತೇವೆ. ಈ ಮಾತಿಗೆ ಅಪವಾದವಾದ ಒಂದು ಸಣ್ಣ ಶಾಸನವನ್ನು ಈ ದಿನ ತಮ್ಮ ಮುಂದಿಡಬೇಕೆಂದಿದ್ದೇನೆ.

ಬ್ರಿಟನ್ ದ್ವೀಪದ ಪಶ್ಚಿಮಕ್ಕೆ ವೇಲ್ಸ್ ಸೀಮೆಯುಂಟು. ಅದರ ಆಗ್ನೇಯದಲ್ಲಿ, ಇಂಗ್ಲೆಂಡಿನ ಗಡಿಗೆ ಸಮೀಪವಾಗಿ, ಬ್ಲ್ಯಾಕ್ ಮೌಂಟನ್ಸ್, ಎಂದರೆ ಕರಿಬೆಟ್ಟಗಳು, ಹಬ್ಬಿವೆ. ಆ ಬೆಟ್ಟದ ಇಳಿಜಾರಿನಲ್ಲಿ ಪ್ಯಾಟ್ರಿಷೊ ಎಂಬ ಪುಟ್ಟ ಇಗರ್ಜಿ. ಪೂರ್ವದಲ್ಲಿ ಇಸ್ಸುಯಿ ಎಂಬ ತಪಸ್ವಿಯು ಅಲ್ಲಿಯ ಬುಗ್ಗೆಯ ಬಳಿ ವಾಸವಾಗಿದ್ದನೆಂದೂ, ತಾನು ಆಶ್ರಯವಿತ್ತ ದಾರಿಹೋಕನ ಕೈಯಿಂದಲೇ ಹತನಾದನೆಂದೂ ಐತಿಹ್ಯ.

ಈ ಇಗರ್ಜಿಯಲ್ಲಿ ದೀಕ್ಷಾಸ್ನಾನದ ಕಲ್ಲುತೊಟ್ಟಿಯೊಂದಿದೆ. ಕ್ರೈಸ್ತರಲ್ಲಿ ಶಿಶುವನ್ನು ಪವಿತ್ರ ಜಲದಿಂದ ಸಂಸ್ಕರಿಸಿ ಹೆಸರಿಟ್ಟು ಸಭೆಗೆ ಸೇರಿಸಿಕೊಳ್ಳುವ ಕ್ರಿಯೆಯೇ ದೀಕ್ಷಾಸ್ನಾನ. ಹಿಂದೆ ಮಗುವನ್ನು ನೀರಿನಲ್ಲಿಯೇ ಮುಳುಗಿಸುತ್ತಿದ್ದುದರಿಂದ ಹಳೆಯ ತೊಟ್ಟಿಗಳು ವಿಶಾಲವಾಗಿರುತ್ತವೆ. ಪ್ಯಾಟ್ರಿಷೊವಿನ ತೊಟ್ಟಿಯೂ ದುಂಡಗೆ ದೊಡ್ಡದಾಗಿದೆ. ಅದರ ಅಂಚಿನ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಒಂದೇ ವಾಕ್ಯ: “ಮೆನ್‌ಹಿರ್ ಮೆ ಫೇಕಿಟ್ ಇನ್ ಟೆಂಪೊರೆ ಗೆನಿಲ್ಲಿನ್.” ಎಂದರೆ, “ಗೆನಿಲ್ಲಿನನ ಕಾಲದಲ್ಲಿ ಮೆನ್‌ಹಿರ್ ನನ್ನನ್ನು ಮಾಡಿದನು.”

ಮಾತನಾಡುತ್ತಿರುವುದು ಕಲ್ಲು. ಅದು ಮೊದಲು ಹೇಳುವ ಹೆಸರು ಶಿಲ್ಪಿಯದು. ಒಡೆಯನ ಹೆಸರು ಕೊನೆಗೆ ಬರುತ್ತದೆ, ಅದೂ ಕಾಲವನ್ನು ತಿಳಿಸುವುದಕ್ಕೆ ಮಾತ್ರ. ಬಿರುದಿಲ್ಲ, ಪ್ರಶಸ್ತಿಯಿಲ್ಲ. ವೆಲ್ಷ್ ನುಡಿಯಲ್ಲಿ ‘ಮೇನ್ ಹಿರ್’ ಎಂದರೆ ಉದ್ದನೆಯ ಕಲ್ಲು. ಕಲ್ಲುಕುಟಿಗನಿಗೆ ಒಪ್ಪುವ ಹೆಸರೇ ಸರಿ.

ಗೆನಿಲ್ಲಿನನು 11ನೆಯ ಶತಮಾನದ ಮಧ್ಯಭಾಗದಲ್ಲಿ ಆ ಸೀಮೆಯನ್ನಾಳಿದ ಒಡೆಯನೆಂದು ವಿದ್ವಾಂಸರ ಅಭಿಪ್ರಾಯ. ಇದಕ್ಕೆ ಹೊಂದುವ ಬೇರೊಂದು ಆಧಾರವುಂಟು. 1056ರಿಂದ 1104ರವರೆಗೆ ಲ್ಯಾಂಡಾಫಿನ ಬಿಷಪ್ ಆಗಿದ್ದ ಹೆರೆವಾಲ್ಡನು ‘ಮೆರ್ಥಿರ್ ಇಸ್ಸುಯಿ’ ಎಂಬ ಇಗರ್ಜಿಯನ್ನು ಪ್ರತಿಷ್ಠಾಪಿಸಿದನೆಂದು ಆ ಪೀಠದ ಹಳೆಯ ಕಡತವು ಹೇಳುತ್ತದೆ. ಪ್ಯಾಟ್ರಿಷೊವಿನ ಹಿಂದಿನ ಹೆಸರು ಅದೇ. ಕಲ್ಲಿನ ಸಾಕ್ಷಿಗೂ ಬರಹದ ಸಾಕ್ಷಿಗೂ ಹೀಗೆ ಹೊಂದಿಕೆಯಾಗುತ್ತದೆ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದು, ಅನಂತರ ಈ ಬೆಟ್ಟಸೀಮೆಗೆ ಬರುವ ಮೊದಲೇ ಮೆನ್‌ಹಿರನ ಉಳಿ ತನ್ನ ಕೆಲಸವನ್ನು ಮುಗಿಸಿದ್ದಿತೆನ್ನಬಹುದು.

ಆ ಬಳಿಕ ಎಷ್ಟೋ ಪರಿವರ್ತನೆಗಳಾದವು. 1282ರಲ್ಲಿ ವೇಲ್ಸಿನ ಸ್ವಾತಂತ್ರ್ಯ ಮುಗಿಯಿತು. ಇಗರ್ಜಿಯನ್ನು ಹೊಸದಾಗಿ ಕಟ್ಟಿದರು. 1500ರ ಸುಮಾರಿಗೆ ಸೊಗಸಾದ ಮರದ ಕೆತ್ತನೆಯ ತೆರೆಯನ್ನು ನಿಲ್ಲಿಸಿದರು. 1550ರಲ್ಲಿ ಕಲ್ಲಿನ ಬಲಿಪೀಠಗಳನ್ನು ಕಿತ್ತುಹಾಕಬೇಕೆಂದು ಸರ್ಕಾರದ ಆಜ್ಞೆ ಹೊರಟಿತು. 1645ರಲ್ಲಿ ಪಾರ್ಲಿಮೆಂಟು ಹೊರಡಿಸಿದ ಪೂಜಾಕ್ರಮವು, ಹಳೆಯ ತೊಟ್ಟಿಗಳಿದ್ದ ಸ್ಥಳದಲ್ಲಿ ದೀಕ್ಷಾಸ್ನಾನ ಮಾಡಕೂಡದೆಂದು ವಿಧಿಸಿತು. ಆದರೂ ಈ ಬೆಟ್ಟದ ಮರೆಯಲ್ಲಿ ಬಲಿಪೀಠಗಳೂ ಉಳಿದವು, ತೊಟ್ಟಿಯೂ ಉಳಿಯಿತು.

ಇಲ್ಲಿ ನನ್ನ ಮನಸ್ಸಿಗೆ ತೋರುವ ಸಂಗತಿಯೊಂದುಂಟು. ಈ ತೊಟ್ಟಿಯು ಹೆಸರಿಡುವ ಸ್ಥಳ. ಆದರೆ ದೀಕ್ಷಾಸ್ನಾನಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟಳೆ ಬಂದದ್ದು 1538ರಲ್ಲಿ, ಥಾಮಸ್ ಕ್ರಾಮ್‌ವೆಲ್ಲನ ಆಜ್ಞೆಯಿಂದ. ಅದಕ್ಕೆ ಹಿಂದೆ ಸುಮಾರು 480 ವರ್ಷ, ಆ ಕಣಿವೆಯ ಕುರುಬರ, ಒಕ್ಕಲಿಗರ, ಬಡಗಿಗಳ ಮಕ್ಕಳು ಈ ನೀರಿನಲ್ಲಿ ಮಿಂದು ಹೆಸರು ಪಡೆದರು. ಯಾವ ಕಾಗದವೂ ಅವರ ಹೆಸರನ್ನು ಹಿಡಿದಿಡಲಿಲ್ಲ. ಬಾಯಿಂದ ಹೊರಟ ಹೆಸರು ಗಾಳಿಗೆ ಸೇರಿತು. ಅವರೆಲ್ಲರಿಗೂ ಹೆಸರಿತ್ತ ಕಲ್ಲಿನ ಮೇಲೆ ನಿಂತದ್ದು ಅದನ್ನು ಮಾಡಿದವನ ಹೆಸರು.

ಗೆನಿಲ್ಲಿನನ ಗತಿಯನ್ನೂ ನೋಡಿ. ಚರಿತ್ರೆಯ ದೊಡ್ಡ ಗ್ರಂಥಗಳಲ್ಲಿ ಅವನಿಗೆ ದೊರೆತ ಸ್ಥಳ ಅತ್ಯಲ್ಪ. ಅವನ ಕಾಲವನ್ನು ಹೇಳಿ ತನ್ನ ಕೆಲಸಕ್ಕೆ ಗುರುತು ಹಾಕಿಕೊಂಡ ಕಲ್ಲುಕುಟಿಗನ ದೆಸೆಯಿಂದಲೇ ನಾವು ಈ ಹೊತ್ತು ಅವನನ್ನು ನೆನೆಯುತ್ತಿದ್ದೇವೆ. ಒಡೆಯನು ಶಿಲ್ಪಿಗೆ ಏನು ಕೊಟ್ಟನೋ ತಿಳಿಯದು. ಶಿಲ್ಪಿಯು ಒಡೆಯನಿಗೆ ಕೊಟ್ಟದ್ದು ಮಾತ್ರ ಕಲ್ಲಿನ ಮೇಲೆ ಸ್ಪಷ್ಟವಾಗಿದೆ.